ಎದೆಯ ಆಪದ್ಧರ್ಮ

ದೇವರ ಮುಂದೆ ಒಂಟಿ ಬತ್ತಿಯ ದೀಪ ಹಚ್ಚಬಾರದೆಂದು ನಮ್ಮ ಮನೆಗಳಲ್ಲಿ ಒಂದು ವಾಡಿಕೆಯುಂಟು. ಕಾರಣ ಕೇಳಿದರೆ ಹಿರಿಯರು ಶುಭಾಶುಭಗಳ ಮಾತೆತ್ತುತ್ತಾರೆ. ನನಗೆ ತೋರುವ ಕಾರಣ ಬೇರೆ. ಒಂದು ಬತ್ತಿ ಕರಿಕಟ್ಟಿ ಆರಿಹೋದರೂ ಇನ್ನೊಂದು ಉರಿಯುತ್ತಿರಲಿ ಎಂದು ಯಾರೋ ಅನುಭವಸ್ಥ ಗೃಹಿಣಿ ಮಾಡಿದ ಏರ್ಪಾಡು ಅದು. ಶುಭಾಶುಭಗಳು ಆಮೇಲೆ ಬಂದು ಸೇರಿಕೊಂಡಿರಬೇಕು. ಆಪತ್ತು ಬರುವುದಕ್ಕೆ ಮೊದಲೇ ಅದನ್ನು ಎಣಿಸಿ, ಅದಕ್ಕೊಂದು ದಾರಿ ಮಾಡಿಡುವವರನ್ನು ಲೋಕ ಪುಕ್ಕಲರೆಂದು ನಗುವುದುಂಟು. ಬಾಗಿಲಿಗೆ ಬೀಗ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಹಿಂದಿರುಗಿ ಬೀಗವನ್ನು ಜಗ್ಗಿ ನೋಡುವವನು ನಗೆಪಾಟಲಾಗದೆ ಇರುತ್ತಾನೆಯೆ? ಆದರೆ ಕಳೆದ ಎರಡು ವರ್ಷಗಳಿಂದ ಇಂಥ ಪುಕ್ಕಲರ ವಿಷಯದಲ್ಲಿ ನನಗೆ ಬಹಳ ಗೌರವ ಬಂದುಬಿಟ್ಟಿದೆ. ಏಕೆಂದರೆ ನನ್ನ ಎಡ ಕೊರಳೆಲುಬಿನ ಕೆಳಗೆ, ಚರ್ಮದ ಮರೆಯಲ್ಲಿ, ಬೆಂಕಿಪೆಟ್ಟಿಗೆಗಿಂತ ತೆಳುವಾದ ಒಂದು ಲೋಹದ ಬಿಲ್ಲೆ ಕುಳಿತಿದೆ. ಅದನ್ನು ಕಲ್ಪಿಸಿದವರು ಈ ಪುಕ್ಕಲರ ಪಂಗಡದವರೇ.

ಅದರ ಹೆಸರು ಪೇಸ್‌ಮೇಕರ್. ಕನ್ನಡದ ಮೇಷ್ಟರಾದ ನಾನು ಅದಕ್ಕೊಂದು ಕನ್ನಡ ಹೆಸರು ಹುಡುಕದೆ ಬಿಡುವುದು ಸಾಧ್ಯವೆ? ‘ಗತಿನಿಯಂತ್ರಕ’ ಎಂದು ನೋಡಿದೆ. ರೈಲ್ವೆ ಇಲಾಖೆಯ ಯಾವುದೋ ಹುದ್ದೆಯಂತೆ ಕೇಳಿಸಿತು. ‘ಮಿಡಿತಗಾರ’ ಎಂದೆ; ನನ್ನಾಕೆ ನಕ್ಕಳು. ಕೊನೆಗೆ ಪೇಸ್‌ಮೇಕರ್ ಎಂಬುದನ್ನೇ ಒಪ್ಪಿಕೊಂಡೆ. ಎದೆಯೊಳಕ್ಕೇ ಬಂದು ಕುಳಿತವನನ್ನು ಭಾಷೆಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲವೆಂದರೆ ಹೇಗೆ?

ಅವನು ಬಂದ ಕಥೆ ದೊಡ್ಡದೇನಲ್ಲ. ತರಗತಿಯಲ್ಲಿ ಭಾಮಿನೀ ಷಟ್ಪದಿಯ ಮಾತ್ರೆಗಳನ್ನು ಎಣಿಸಿ ತೋರಿಸುತ್ತಿದ್ದಾಗ ಕಪ್ಪುಹಲಗೆಯೆಲ್ಲ ಕಣ್ಣೊಳಕ್ಕೆ ಹರಿದು ಬಂದಂತಾಗಿ ಕುಸಿದೆ. ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ ಹೃದಯದ ವಿದ್ಯುತ್ತಿನ ರೇಖೆಗಳನ್ನು ಕಾಗದದ ಮೇಲೆ ಬರೆಸಿಕೊಂಡರು. ನಿಮಿಷಕ್ಕೆ 38 ಬಡಿತ. “ಮೇಲಿನ ಕೋಣೆಯ ಸುದ್ದಿ ಕೆಳಗಿನ ಕೋಣೆಗೆ ತಲುಪುತ್ತಿಲ್ಲ” ಎಂದರು ವೈದ್ಯರು. ಮಕ್ಕಳಿಗೆ ಮೂರು ನಾಲ್ಕರ ಗಣಗಳನ್ನು ಪಾಠ ಹೇಳುವವನ ಎದೆಯಲ್ಲಿಯೇ ಛಂದೋಭಂಗ!

ವೈದ್ಯರ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೃದಯಕ್ಕೆ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಮೇಲಿನವು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಗೋಡೆಯಲ್ಲಿ ಒಂದು ಪುಟ್ಟ ಗಂಟಿದೆ. ನಿಮಿಷಕ್ಕೆ 60ರಿಂದ 100 ಸಲ ಅಲ್ಲಿಂದ ವಿದ್ಯುತ್ತಿನ ಅಪ್ಪಣೆ ಹೊರಡುತ್ತದೆ. ಅದು ನಡುವಿನ ಇನ್ನೊಂದು ಗಂಟನ್ನು ಹಾಯ್ದು ಕೆಳಗಿಳಿದು ಹೃತ್ಕುಕ್ಷಿಗಳನ್ನು ಮಿಡಿಸುತ್ತದೆ. ಮೇಲಿನ ಗಂಟು ಸುಮ್ಮನಾದರೆ ನಡುವಿನ ಗಂಟೇ ನಿಮಿಷಕ್ಕೆ 40ರಿಂದ 60ರ ಲೆಕ್ಕದಲ್ಲಿ ಅಪ್ಪಣೆ ಹೊರಡಿಸುತ್ತದೆ. ಅದೂ ಕೈಬಿಟ್ಟರೆ ಹೃತ್ಕುಕ್ಷಿಯ ಸ್ನಾಯುಗಳು ತಾವೇ 20ರಿಂದ 40ರ ಲೆಕ್ಕದಲ್ಲಿ ಹೇಗೋ ಮಿಡಿದುಕೊಳ್ಳುತ್ತವೆ. ಹಿಂದಿನ ಕಾಲದ ನಮ್ಮ ಹಳ್ಳಿಗಳಂತೆ ಎನ್ನಿ. ಪಟೇಲ ಊರಲ್ಲಿಲ್ಲದಿದ್ದರೆ ಶಾನುಭೋಗ. ಅವನೂ ಇಲ್ಲದಿದ್ದರೆ ತಳವಾರ. ತಳವಾರನಿಗೆ ಕಂದಾಯದ ಲೆಕ್ಕ ಬಾರದು, ಕಾಗದಪತ್ರ ಬರೆಯಬಾರದು. ಆದರೆ ರಾತ್ರಿ ಊರನ್ನು ಕಾಯಬಲ್ಲ. ನಾನು ಕುಸಿದ ದಿನ ನನ್ನ ಊರನ್ನು ಕಾಯುತ್ತಿದ್ದವನು ಈ ತಳವಾರ. ಅವನ ದಯೆಯಿಂದಲೇ ಈ ಪ್ರಬಂಧವನ್ನು ನೀವು ಓದುತ್ತಿದ್ದೀರಿ.

ಬಿಲ್ಲೆಯನ್ನು ಇಟ್ಟು ಹೊಲಿದು ಮನೆಗೆ ಕಳಿಸಿದರು. ತಲೆಸುತ್ತು ನಿಂತಿತು, ನಿದ್ದೆ ಮಾತ್ರ ಬರಲಿಲ್ಲ. ನನಗಲ್ಲ, ನನ್ನಾಕೆಗೆ. ಮಧ್ಯರಾತ್ರಿ ಕಣ್ಣುಬಿಟ್ಟರೆ ಅವಳ ಕೈ ನನ್ನ ಮಣಿಕಟ್ಟಿನ ಮೇಲೆ ಇರುತ್ತಿತ್ತು. ಒಂದು ರಾತ್ರಿ ಬೀದಿಯ ದೀಪಗಳೆಲ್ಲ ಒಮ್ಮೆಗೇ ಆರಿದಾಗ ಕತ್ತಲೆಯಲ್ಲಿ ಕೇಳಿಯೇಬಿಟ್ಟಳು: “ಅಲ್ಲಾರೀ, ಕರೆಂಟು ಹೋದ ಹಾಗೆ ಅದೂ ಹೋಗಿಬಿಟ್ಟರೆ?”

ಈ ಪ್ರಶ್ನೆಗೆ ಕನ್ನಡ ಎಂ.ಎ.ಯಲ್ಲಿ ಉತ್ತರವಿಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರನ್ನು ಹಿಡಿದೆ, ತಪಾಸಣೆಗೆ ಹೋದಾಗಲೆಲ್ಲ ವೈದ್ಯರನ್ನು ಕಾಡಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಆಗ ತಿಳಿದ ಮೊದಲ ಸಂಗತಿಯೆಂದರೆ, ನನ್ನಾಕೆಯ ಪ್ರಶ್ನೆ ಅವಳೊಬ್ಬಳದಲ್ಲ. ಈ ಯಂತ್ರದ ಚರಿತ್ರೆಯೇ ಆ ಪ್ರಶ್ನೆಯಿಂದ ಬೆಳೆದದ್ದು.

ಅಮೆರಿಕೆಯ ಮಿನಿಯಾಪೊಲಿಸ್ ನಗರದಲ್ಲಿ ವಾಲ್ಟನ್ ಲಿಲ್ಲೆಹೈ ಎಂಬ ಶಸ್ತ್ರವೈದ್ಯರು ಮಕ್ಕಳ ಹೃದಯವನ್ನು ತೆರೆದು ಸರಿಪಡಿಸುತ್ತಿದ್ದರು. ಶಸ್ತ್ರಕ್ರಿಯೆಯಾದ ಮೇಲೆ ಕೆಲವು ಮಕ್ಕಳಿಗೆ ನನಗೆ ಬಂದ ತೊಂದರೆಯೇ ಬರುತ್ತಿತ್ತು. ಆಗಿನ ಪೇಸ್‌ಮೇಕರ್ ಒಂದು ದೊಡ್ಡ ಪೆಟ್ಟಿಗೆ; ಅದರ ತಂತಿ ಗೋಡೆಯ ಪ್ಲಗ್ಗಿಗೆ ಹೋಗಬೇಕು. 1957ರ ಅಕ್ಟೋಬರ್ 31ರಂದು ಆ ನಗರದ ವಿದ್ಯುತ್ತು ಹೋಯಿತು. ಒಂದು ಮಗು ತೀರಿಕೊಂಡಿತೆಂದು ಹೇಳುತ್ತಾರೆ. ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡಿಕೊಡುತ್ತಿದ್ದ ಅರ್ಲ್ ಬಾಕೆನ್ ಎಂಬುವರನ್ನು ಲಿಲ್ಲೆಹೈ ಕರೆಸಿ, ಇದಕ್ಕೇನಾದರೂ ಮಾಡಿ ಎಂದರು. ಬಾಕೆನ್ನರಿಗೆ ಒಂದು ಪತ್ರಿಕೆಯಲ್ಲಿ ಹಿಂದೆ ನೋಡಿದ್ದ ನಕ್ಷೆ ನೆನಪಾಯಿತು. ಅದು ಸಂಗೀತ ಕಲಿಯುವವರಿಗೆ ತಾಳ ಹಾಕಿಕೊಡುವ ಮೆಟ್ರೊನೋಮಿನ ನಕ್ಷೆ. ಅದನ್ನೇ ತಿದ್ದಿ, ಬ್ಯಾಟರಿ ಹಾಕಿ, ಅಂಗೈಯಗಲದ ಒಂದು ಪೆಟ್ಟಿಗೆಯನ್ನು ನಾಲ್ಕು ವಾರಗಳಲ್ಲಿ ತಂದುಕೊಟ್ಟರು. ಮೊದಲು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಯುತ್ತದೆಂದು ಅವರು ನಂಬಿದ್ದರು. ಮರುದಿನ ಆಸ್ಪತ್ರೆಗೆ ಹೋಗಿ ನೋಡಿದರೆ ಒಂದು ಮಗುವಿನ ಎದೆ ಆಗಲೇ ಅದರ ತಾಳಕ್ಕೆ ಮಿಡಿಯುತ್ತಿತ್ತು!

ಮರುವರ್ಷದ ಕಥೆ ಇನ್ನೂ ಸ್ವಾರಸ್ಯವಾದದ್ದು. ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬ 43 ವರ್ಷದ ಗೃಹಸ್ಥ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಮೂರ್ಛೆ ಹೋಗುತ್ತಿದ್ದ. ಅವನ ಹೆಂಡತಿ ಎಲ್ಸೆ ಮರಿ, ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಇಬ್ಬರ ಬೆನ್ನು ಹತ್ತಿದಳು. ದೇಹದ ಒಳಗೇ ಇಡಬಹುದಾದ ಯಂತ್ರ ಇನ್ನೂ ಸಿದ್ಧವಾಗಿಲ್ಲವೆಂದು ಅವರು ಎಷ್ಟು ಹೇಳಿದರೂ ಆಕೆ ಬಿಡಲಿಲ್ಲ. ಬೂಟ್ ಪಾಲಿಶಿನ ಡಬ್ಬಿಯನ್ನು ಅಚ್ಚಾಗಿಟ್ಟುಕೊಂಡು ಎಲ್ಮ್‌ಕ್ವಿಸ್ಟ್ ರಾಳದಲ್ಲಿ ಯಂತ್ರವನ್ನು ಎರಕ ಹೊಯ್ದರು. ಒಂದನ್ನಲ್ಲ, ಎರಡನ್ನು. 1958ರ ಅಕ್ಟೋಬರ್ 8ರಂದು ಮೊದಲನೆಯದನ್ನು ಲಾರ್ಸನ್ನನ ದೇಹದೊಳಗಿಟ್ಟರು. ಅದು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಕೂಡಲೇ ಎರಡನೆಯದನ್ನು ಇಟ್ಟರು. ಮನುಷ್ಯನ ಒಳಗೆ ಇಟ್ಟ ಮೊತ್ತಮೊದಲ ಪೇಸ್‌ಮೇಕರಿಗೇ ಒಂದು ಜೋಡಿ ಬತ್ತಿ ಇತ್ತು! ಅನಂತರ ಲಾರ್ಸನ್ ಒಟ್ಟು 26 ಯಂತ್ರಗಳನ್ನು ಸವೆಸಿದ. ತನ್ನನ್ನು ಉಳಿಸಿದ ವೈದ್ಯ, ಎಂಜಿನಿಯರ್ ಇಬ್ಬರೂ ತೀರಿಕೊಂಡ ಮೇಲೂ ಬಾಳಿ, 2001ರಲ್ಲಿ ತನ್ನ 86ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ಸತ್ತ. ಹೃದಯ ಅವನಿಗೆ ಮೋಸ ಮಾಡಲಿಲ್ಲ.

ಈಗಿನ ಯಂತ್ರದೊಳಗೆ ಇಂಥ ಜೋಡಿ ಬತ್ತಿಗಳು ಒಂದಲ್ಲ, ಹಲವು. ನಮ್ಮ ಭೌತಶಾಸ್ತ್ರದ ಮಿತ್ರರು ಅವನ್ನು ಕಾಫಿ ಬಟ್ಟಲನ್ನೂ ಸಕ್ಕರೆ ಚಮಚವನ್ನೂ ಮೇಜಿನ ಮೇಲೆ ಜೋಡಿಸಿಟ್ಟು ವಿವರಿಸಿದರು. ನನಗೆ ಅರ್ಥವಾದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಈ ಯಂತ್ರ ಸದಾ ಮಿಡಿಸುತ್ತಿರುವುದಿಲ್ಲ, ಸದಾ ಕೇಳಿಸಿಕೊಳ್ಳುತ್ತಿರುತ್ತದೆ. ಹೃದಯ ತಾನಾಗಿ ಬಡಿದರೆ ಇದು ಸುಮ್ಮನಿರುತ್ತದೆ. ಗೊತ್ತಾದ ಅವಧಿಯೊಳಗೆ ಬಡಿತ ಕೇಳದಿದ್ದರೆ ಮಾತ್ರ ತಾನು ಒಂದು ಮಿಡಿತವನ್ನು ಕೊಡುತ್ತದೆ. ಒಳ್ಳೆಯ ಮೃದಂಗದವನು ಹಾಡುಗಾರನ ತಾಳ ಗಟ್ಟಿಯಾಗಿದ್ದಾಗ ಕೈ ಹಿಡಿದು, ಜಾರಿದಾಗ ಆತುಕೊಳ್ಳುವಂತೆ. ಆದರೆ ಈ ಗುಣದಲ್ಲಿಯೇ ಒಂದು ಅಪಾಯವೂ ಇದೆ. ಕೇಳಿದ್ದು ಹೃದಯದ ಸದ್ದಲ್ಲದೆ ಬೇರೆ ಯಾವುದೋ ಗದ್ದಲವಾಗಿದ್ದರೆ? ಭೂಸಂಪರ್ಕ ಸರಿಯಿಲ್ಲದ ನೀರು ಕಾಯಿಸುವ ಯಂತ್ರದಿಂದ ಸೋರುವ ವಿದ್ಯುತ್ತನ್ನು ಹೃದಯದ ಬಡಿತವೆಂದೇ ತಿಳಿದು ಇದು ಸುಮ್ಮನೆ ಕುಳಿತರೆ? ಅದಕ್ಕೆ ಏರ್ಪಾಡಿದೆ. ಹೃದಯವೆಂದೂ ಇಷ್ಟು ಬೇಗ ಬೇಗ ಬಡಿಯಲಾರದು ಎನ್ನುವಂತೆ ಗದ್ದಲ ಎಡೆಬಿಡದೆ ಕೇಳಿಬಂದರೆ, ಯಂತ್ರ ಕೇಳುವುದನ್ನೇ ಬಿಟ್ಟು ಗೊತ್ತಾದ ಒಂದು ಗತಿಯಲ್ಲಿ ತನ್ನ ಪಾಡಿಗೆ ತಾನು ಮಿಡಿಯತೊಡಗುತ್ತದೆ. ಸಂತೆಯ ಗದ್ದಲದಲ್ಲಿ ಮಾತು ಕೇಳಿಸದಾಗ ಕಿವಿ ಮುಚ್ಚಿಕೊಂಡು ಕೆಲಸ ಮುಂದುವರಿಸುವ ಕುಶಲಿಯಂತೆ.

ಎರಡನೆಯದು ನನಗೆ ಬಹಳ ಮೆಚ್ಚಿಗೆಯಾದದ್ದು. ನನ್ನ ಯಂತ್ರಕ್ಕೆ ಎರಡು ತಂತಿ. ಒಂದು ಮೇಲಿನ ಕೋಣೆಗೆ, ಒಂದು ಕೆಳಗಿನ ಕೋಣೆಗೆ. ಮೇಲಿನ ಕೋಣೆಗೆ ಮಿಡಿತ ಕೊಟ್ಟ ಕ್ಷಣದಲ್ಲಿ ಅದರ ಪ್ರತಿಧ್ವನಿ ಕೆಳಗಿನ ತಂತಿಗೆ ಕೇಳಿಸಬಹುದು. ಆಗ ಯಂತ್ರದ ಸ್ಥಿತಿ ಇಕ್ಕಟ್ಟಿನದು. ಕೇಳಿದ್ದು ತನ್ನದೇ ಪ್ರತಿಧ್ವನಿಯೋ, ಕೆಳಗಿನ ಕೋಣೆ ನಿಜವಾಗಿಯೂ ಬಡಿಯಿತೋ? ಬಡಿಯಿತೆಂದು ನಂಬಿ ಸುಮ್ಮನಾದರೆ, ಅದು ಪ್ರತಿಧ್ವನಿಯಾಗಿದ್ದ ಪಕ್ಷದಲ್ಲಿ ಕೆಳಗಿನ ಕೋಣೆಗೆ ಮಿಡಿತವೇ ಇಲ್ಲ. ಯಂತ್ರ ಆಗ ನಂಬುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ, ಮಾಮೂಲಿಗಿಂತ ಬೇಗನೆ, ಕೆಳಗಿನ ಕೋಣೆಗೆ ಒಂದು ಮಿಡಿತವನ್ನು ಕೊಟ್ಟುಬಿಡುತ್ತದೆ. ಕೋಣೆ ಆಗಲೇ ಬಡಿದಿದ್ದರೆ, ಆಗತಾನೆ ಬಡಿದ ಸ್ನಾಯು ಮರುಕ್ಷಣ ಯಾರ ಮಾತನ್ನೂ ಕೇಳದು. ಮಿಡಿತ ವ್ಯರ್ಥವಾದೀತು, ಕೆಡುಕಾಗದು. ಬಡಿಯದಿದ್ದರೆ ಜೀವ ಉಳಿದೀತು. ಎಷ್ಟು ಸರಳವಾದ ನ್ಯಾಯ ನೋಡಿ! ಹೆಚ್ಚಾದ ಒಂದು ಮಿಡಿತಕ್ಕೆ ಕ್ಷಮೆಯುಂಟು. ತಪ್ಪಿದ ಮಿಡಿತಕ್ಕೆ ಇಲ್ಲ.

ಮೂರನೆಯದು ಜಿಪುಣತನಕ್ಕೆ ಸಂಬಂಧಿಸಿದ್ದು. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ; ಒಂದೊಂದಕ್ಕೂ ಧಾರಾಳವಾಗಿ ಶಕ್ತಿ ಸುರಿದರೆ ಬ್ಯಾಟರಿ ಬಹುಕಾಲ ಬಾರದು. ಆದ್ದರಿಂದ ಸ್ನಾಯುವನ್ನು ಎಬ್ಬಿಸಲು ಎಷ್ಟು ಕಡಿಮೆ ಸಾಕೆಂದು ಯಂತ್ರ ಆಗಾಗ ತಾನೇ ಅಳೆದು ನೋಡುತ್ತದೆ. ಅಳೆಯುವಾಗ ಕೊಟ್ಟ ಮಿಡಿತಕ್ಕೆ ಹೃದಯ ಏಳದಿದ್ದರೆ? ಅದರ ಬೆನ್ನಿಗೇ ಬಲವಾದ ಇನ್ನೊಂದು ಮಿಡಿತ ಸಿದ್ಧವಾಗಿರುತ್ತದೆ. ಮಲಗಿದ ಮಗನನ್ನು ತಾಯಿ ಮೊದಲು ಮೆಲ್ಲಗೆ ಕೂಗಿ, ಏಳದಿದ್ದರೆ ಭುಜ ಹಿಡಿದು ಅಲುಗಿಸುವುದಿಲ್ಲವೆ, ಹಾಗೆ. ನಡುವಿನ ಅಂತರ ಮಾತ್ರ ಸೆಕೆಂಡಿನ ಹತ್ತರಲ್ಲೊಂದು ಪಾಲು. ನಮಗೆ ಅದು ತಿಳಿಯುವುದೂ ಇಲ್ಲ.

ಇನ್ನು ತಂತಿಯ ಮಾತು. ಒಂದೊಂದು ತಂತಿಯೊಳಗೂ ವಿದ್ಯುತ್ತು ಹೋಗಿಬರಲು ಎರಡು ಎಳೆಗಳಿವೆ. ಅವು ನೆಟ್ಟಗಿವೆಯೇ ಎಂದು ಯಂತ್ರ ದಿನದಿನವೂ ಪರೀಕ್ಷಿಸಿಕೊಳ್ಳುತ್ತದೆ. ಒಂದು ಎಳೆ ಕೆಟ್ಟಿತೆಂಬ ಗುಮಾನಿ ಬಂದರೆ ಅನೇಕ ಯಂತ್ರಗಳು ಉಳಿದ ಎಳೆಯಲ್ಲಿಯೇ ಮಿಡಿತವನ್ನು ಕಳಿಸಿ, ಹಿಂದಿರುಗುವ ದಾರಿಯಾಗಿ ತಮ್ಮ ಲೋಹದ ಮೈಯನ್ನೇ ಒಡ್ಡುತ್ತವೆ. ಬ್ಯಾಟರಿಯೂ ಹಾಗೆಯೇ. ಹಿಂದಿನ ಸ್ಕೂಟರುಗಳಲ್ಲಿ ಪೆಟ್ರೋಲು ಮುಗಿಯುವ ಮೊದಲು ‘ರಿಸರ್ವ್’ಗೆ ತಿರುಗಿಸುವ ಒಂದು ನಲ್ಲಿ ಇರುತ್ತಿತ್ತು, ಬಂಕಿನವರೆಗೆ ಹೋಗುವಷ್ಟು ಎಣ್ಣೆ ಅದರಲ್ಲಿ. 1960ರ ದಶಕದ ಪಾದರಸದ ಬ್ಯಾಟರಿ ಎರಡು ಮೂರು ವರ್ಷ ಬಾಳಿದರೆ ಹೆಚ್ಚು. 1972ರಲ್ಲಿ ಲಿಥಿಯಂ ಬ್ಯಾಟರಿ ಬಂದ ಮೇಲೆ ಆಯುಸ್ಸೂ ಬೆಳೆಯಿತು. ಮೇಲಾಗಿ ಅದು ಹಠಾತ್ತಾಗಿ ಸಾಯದೆ ನಿಧಾನವಾಗಿ ಇಳಿಯುತ್ತ ಸೂಚನೆ ಕೊಡುವಂಥದು. ‘ಇನ್ನು ಬದಲಾಯಿಸಿ’ ಎಂದು ಯಂತ್ರ ಹೇಳಿದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳಷ್ಟು ಕಾಲಾವಕಾಶ ಉಳಿದಿರುತ್ತದೆ. ಬೇರೆ ಸಲಕರಣೆ ಯಾವುದೂ ಇಲ್ಲದ ಕಡೆಯೂ ವೈದ್ಯರು ಎದೆಯ ಮೇಲೊಂದು ಅಯಸ್ಕಾಂತವನ್ನಿಟ್ಟರೆ ಸಾಮಾನ್ಯವಾಗಿ ಯಂತ್ರ ಗೊತ್ತಾದ ಗತಿಯಲ್ಲಿ ಮಿಡಿಯುತ್ತದೆ. ಆ ಗತಿಯನ್ನು ಎಣಿಸಿಯೇ ಬ್ಯಾಟರಿಯ ಸ್ಥಿತಿಯನ್ನು ಹೇಳಿಬಿಡಬಹುದು. ಕಂಪೆನಿ ಕಂಪೆನಿಗೆ ಸಂಖ್ಯೆ ಬೇರೆ, ತತ್ತ್ವ ಒಂದೇ.

ಎಲ್ಲಕ್ಕಿಂತ ಆಳದಲ್ಲಿರುವುದು ಕೊನೆಯ ಬತ್ತಿ. ಈ ಬಿಲ್ಲೆಯೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ. ನಾನು ಮೆಟ್ಟಿಲು ಹತ್ತಿದರೆ ಬಡಿತವನ್ನು ಏರಿಸುತ್ತದೆ, ಮಲಗಿದರೆ ಇಳಿಸುತ್ತದೆ, ಆದದ್ದನ್ನೆಲ್ಲ ಜ್ಞಾಪಕದಲ್ಲಿಟ್ಟುಕೊಳ್ಳುತ್ತದೆ. ಬುದ್ಧಿ ಇದ್ದಲ್ಲಿ ಭ್ರಮೆಯೂ ಉಂಟಷ್ಟೆ. ಕ್ಯಾನ್ಸರಿಗೆ ಕೊಡುವ ತೀವ್ರ ವಿಕಿರಣದಿಂದ ಅದರ ಜ್ಞಾಪಕ ಕದಡಬಹುದು. ಆಕಾಶದಾಚೆಯ ವಿಶ್ವಕಿರಣಗಳಿಂದ ಹುಟ್ಟಿದ ಒಂದು ಕಣ ಬಂದು ತಾಗಿದರೂ ಅಪರೂಪಕ್ಕೆ ಒಂದು ಅಕ್ಷರ ತಿರುವುಮುರುವಾಗಬಹುದು. ತನ್ನ ಜ್ಞಾಪಕ ಕೆಟ್ಟಿದೆಯೆಂದು ಯಂತ್ರಕ್ಕೆ ತಿಳಿದ ಕೂಡಲೇ ಅದು ನಾಜೂಕುಗಳನ್ನೆಲ್ಲ ಕೆಳಗಿಡುತ್ತದೆ. ಮೆಟ್ಟಿಲಿನ ಲೆಕ್ಕ ಬೇಡ, ಮೇಲಿನ ಕೋಣೆ ಕೆಳಗಿನ ಕೋಣೆಗಳ ಹೊಂದಾಣಿಕೆ ಬೇಡ. ಕೆಳಗಿನ ಕೋಣೆಯೊಂದನ್ನು ಮಾತ್ರ ನಿಮಿಷಕ್ಕೆ 65, 70ರ ಸುಮಾರಿನಲ್ಲಿ ಕಾಯುತ್ತ ಕೂರುತ್ತದೆ. ಬುದ್ಧಿ ಕೆಟ್ಟು ಓಟಕಿತ್ತೀತೆಂದು, ಇಂತಿಷ್ಟಕ್ಕಿಂತ ಹೆಚ್ಚು ವೇಗವಾಗಿ ಮಿಡಿಯದಂತೆ ತಡೆಯುವ ಬೇರೊಂದು ಮಂಡಲವೂ ಇದೆ. ಕಂಪ್ಯೂಟರಿನ ಅಪ್ಪಣೆ ಅದಕ್ಕೆ ಲಾಗುವಾಗದು.

ಇದನ್ನು ಕೇಳಿದಾಗ ನನಗೆ ಶಾಂತಿಪರ್ವದ ನೆನಪಾಯಿತು. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮ ಧರ್ಮರಾಯನಿಗೆ ಮೊದಲು ರಾಜಧರ್ಮವನ್ನು ಹೇಳುತ್ತಾನೆ, ಆಮೇಲೆ ಆಪದ್ಧರ್ಮವನ್ನು, ಮೋಕ್ಷಧರ್ಮದ ಸರದಿ ಅದಾದ ಮೇಲೆ. ಘೋರ ಬರಗಾಲದಲ್ಲಿ ಹಸಿದ ವಿಶ್ವಾಮಿತ್ರ ನಾಯಿಯ ಮಾಂಸಕ್ಕೆ ಕೈಚಾಚಿದ ಕಥೆ ಬರುವುದು ಆ ಆಪದ್ಧರ್ಮದ ಭಾಗದಲ್ಲಿಯೇ. ಮೊದಲು ಜೀವ ಉಳಿಯಲಿ. ಉಳಿದರೆ ಧರ್ಮವನ್ನು ಮತ್ತೆ ನಡೆಸಬಹುದು ಎಂಬುದು ಋಷಿಯ ವಾದ. ವಿದ್ಯಾರ್ಥಿಗಳಿಗೆ ಇದನ್ನು ಪಾಠ ಹೇಳುವಾಗ, ಧರ್ಮದಲ್ಲಿ ಇಂಥದೊಂದು ಕಿಟಕಿಯನ್ನು ತೆರೆದಿಡುವುದು ಸರಿಯೇ ಎಂದು ಪ್ರತಿವರ್ಷವೂ ಯಾರಾದರೂ ಕೇಳುತ್ತಾರೆ. ಈಗ ನನ್ನ ಬಳಿ ಹೊಸ ಉತ್ತರವೊಂದಿದೆ. ಆಪದ್ಧರ್ಮವೆಂದರೆ ಧರ್ಮವನ್ನು ಬಿಡುವುದಲ್ಲ. ಹತ್ತು ಧರ್ಮಗಳನ್ನು ಹೊತ್ತವನು ಒಂಬತ್ತನ್ನು ಕೆಳಗಿಟ್ಟು, ಯಾವುದನ್ನು ಇಟ್ಟರೆ ಮತ್ತೆ ಎತ್ತಿಕೊಳ್ಳಲಾಗುವುದಿಲ್ಲವೋ ಅದೊಂದನ್ನು ಎರಡು ಕೈಗಳಿಂದಲೂ ಹಿಡಿದುಕೊಳ್ಳುವುದು. ಆ ಒಂದು ಯಾವುದೆಂದು ಮುಂಚೆಯೇ, ತಲೆ ನೆಟ್ಟಗಿರುವಾಗಲೇ, ನಿಶ್ಚಯಿಸಿಟ್ಟಿರಬೇಕು. ಬಿಲ್ಲೆಯನ್ನು ಮಾಡಿದವರು ಅದನ್ನು ನಿಶ್ಚಯಿಸಿಟ್ಟಿದ್ದಾರೆ.

ಹಾಗೆಂದು ಇದರಿಂದ ಅಮರತ್ವ ಬರುವುದಿಲ್ಲ. ತಂತಿ ಪೂರಾ ತುಂಡಾದರೆ ಯಾವ ಜಾಣತನವೂ ನಡೆಯದು. ಹೃದಯದ ಸ್ನಾಯುವೇ ಏಳಲಾರದಷ್ಟು ಬಳಲಿದ್ದರೆ ಮಿಡಿತವನ್ನು ಕೊಟ್ಟೂ ಪ್ರಯೋಜನವಿಲ್ಲ. ಆದ್ದರಿಂದಲೇ ಕಾಲಕಾಲಕ್ಕೆ ತಪಾಸಣೆಗೆ ಹೋಗಬೇಕು. ಕಳೆದ ಸಲ ಹೋದಾಗ, ನನ್ನ ವಿದ್ಯಾರ್ಥಿನಿಯರಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಕಂಪ್ಯೂಟರಿನ ಮುಂದೆ ಕುಳಿತು, “ಸಾರ್, ಈಗ ಯಂತ್ರವನ್ನು ಸ್ವಲ್ಪ ಸ್ವಲ್ಪವಾಗಿ ನಿಧಾನ ಮಾಡ್ತೀನಿ. ತಲೆ ಸುತ್ತಿದರೆ ಹೇಳಿ” ಎಂದಳು. ಅರವತ್ತು, ಐವತ್ತು, ನಲವತ್ತು. ನನ್ನಾಕೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಪರದೆಯ ಮೇಲೆ ಒಂದು ರೇಖೆ ಉದ್ದಕ್ಕೆ, ಬಹಳ ಉದ್ದಕ್ಕೆ ಮಟ್ಟಸವಾಗಿ ಹರಿಯಿತು. ಆಮೇಲೆ ಎದ್ದಿತು, ಅಗಲವಾದ, ಒಡ್ಡೊಡ್ಡಾದ ಒಂದು ಅಲೆ. ಅದರ ಹಿಂದೆ ಇನ್ನೊಂದು. ನಿಮಿಷಕ್ಕೆ 36. “ನೋಡಿ ಸಾರ್, ಇದು ಯಂತ್ರದ್ದಲ್ಲ. ನಿಮ್ಮದೇ” ಎಂದು ಆ ಹುಡುಗಿ ನಕ್ಕಳು.

ತಳವಾರ ಇನ್ನೂ ಗಸ್ತಿನಲ್ಲಿದ್ದ! ಎರಡು ವರ್ಷ ಯಾರೂ ಅವನನ್ನು ಕೇಳಿರಲಿಲ್ಲ, ಸಂಬಳವಿಲ್ಲ, ಸಾರೋಟಿಲ್ಲ. ಆದರೂ ಪಟೇಲ, ಶಾನುಭೋಗ, ಹೊಸದಾಗಿ ಬಂದ ಲೋಹದ ಅಧಿಕಾರಿ ಎಲ್ಲರೂ ಸುಮ್ಮನಾದ ಕ್ಷಣದಲ್ಲಿ ಅವನು ಕೋಲು ಕುಟ್ಟುತ್ತ ಬೀದಿಗಿಳಿದಿದ್ದ. ಅವನೊಬ್ಬನನ್ನೇ ನಂಬಿ ಕೂರಬಾರದೆಂದು ವೈದ್ಯರು ಆಮೇಲೆ ಎಚ್ಚರಿಸಿದರು, ಅದು ಸರಿಯೇ. ಆದರೆ ಬತ್ತಿಯ ಹಿಂದೆ ಬತ್ತಿಯನ್ನಿಡುವ ಈ ವಿದ್ಯೆ ಎಂಜಿನಿಯರುಗಳಿಗೂ ಹಿಂದಿನದು, ನಮ್ಮೊಳಗೆ ಹುಟ್ಟಿನಿಂದಲೇ ಇರುವುದು ಎಂದು ಕಣ್ಣಾರೆ ಕಂಡ ಮೇಲೆ ನನಗೆ ಯಂತ್ರದ ವಿಷಯದಲ್ಲಿ ಇದ್ದ ಸಂಕೋಚ ಕಳೆಯಿತು. ಅದು ಪರಕೀಯನಲ್ಲ, ಹೃದಯದ ಪಾಠವನ್ನೇ ಕಲಿತು ಬಂದ ಶಿಷ್ಯ.

ನಂಬಿಕೆಯೆಂದರೆ ಕೆಡುವುದೇ ಇಲ್ಲ ಎಂಬ ಭರವಸೆಯೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಕೆಡದ ವಸ್ತು ಲೋಕದಲ್ಲಿ ಯಾವುದಿದೆ? ಕೆಟ್ಟಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಿಟ್ಟಿದ್ದಾರೆ ಎಂಬ ತಿಳಿವಳಿಕೆಯಿಂದ ಬರುವ ನಂಬಿಕೆಯೇ ಬಾಳಿಕೆಯದು. ನನ್ನಾಕೆಯ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಇಷ್ಟೆ: ಹೋಗಬಹುದು, ಆದರೆ ನೀನು ಕೇಳುವ ಮೊದಲೇ ಬೇರೆ ಯಾರೋ ಅದನ್ನೇ ಕೇಳಿಕೊಂಡು ನಿದ್ದೆಗೆಟ್ಟಿದ್ದಾರೆ. ಈಚೆಗೆ ಅವಳು ರಾತ್ರಿ ನನ್ನ ಮಣಿಕಟ್ಟನ್ನು ಹಿಡಿದು ನೋಡುವುದನ್ನು ಬಿಟ್ಟಿದ್ದಾಳೆ. ಬಾಗಿಲಿನ ಅಗುಳಿಯನ್ನು ಮಾತ್ರ ಮಲಗುವ ಮುನ್ನ ಎರಡು ಸಲ ನೋಡುತ್ತಾಳೆ. ನಾನೇನೂ ಆಡಿಕೊಳ್ಳುವುದಿಲ್ಲ.